ಮಂಗೋಲಿಯನ್ ವರ್ತಮಾನಕಾಲ, ಪರ್ಕಳದ ಜಗಲಿಯಲ್ಲಿ

ನಾನು ಪರ್ಕಳದಲ್ಲಿ ಮಂಗೋಲಿಯನ್ ಭಾಷೆ ಕಲಿತವಳು ಎಂದರೆ ಕೇಳಿದವರು ಮೊದಲು ನಗುತ್ತಾರೆ. ಕಲಿತದ್ದು ಹೆಚ್ಚೇನಲ್ಲ. ವರ್ತಮಾನಕಾಲದ ಕ್ರಿಯಾಪದಗಳು, ಅದೂ ಒಂದು ಹಿಡಿಯಷ್ಟು. ಆದರೆ ಆ ಒಂದು ಹಿಡಿಯ ದೆಸೆಯಿಂದ ನಾನು ಒಂದು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಹಗಲಿಡೀ ಕೂತೆ, ಇದ್ದ ಕೋಣೆ ಬಿಟ್ಟೆ, ಆಗಬೇಕಾಗಿದ್ದ ಮದುವೆಯೂ ತಪ್ಪಿತು. ಇಷ್ಟು ವರ್ಷವಾದರೂ ಅದನ್ನು ನೆನೆದರೆ ನನಗೆ ನಗು ಬರುವುದಿಲ್ಲ, ಮೈ ಉರಿಯುತ್ತದೆ.

ಎಂಬತ್ತರ ದಶಕದ ಆರಂಭ. ನಾನು ಕಾಪುವಿನವಳು. ಪರ್ಕಳದ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ದಿನಾ ಕಾಪುವಿನಿಂದ ಬಂದು ಹೋಗುವುದು ಕಷ್ಟವೆಂದು ಅಲ್ಲೇ ಬಾಡಿಗೆಗೆ ಒಂದು ಕೋಣೆ ಹಿಡಿದಿದ್ದೆ. ಒಂದೇ ಮಾಡಿನ ಅಡಿಯಲ್ಲಿ ಸಾಲಾಗಿ ಕೋಣೆಗಳು, ಎದುರಿಗೆ ಎಲ್ಲರಿಗೂ ಸೇರಿ ಒಂದು ಉದ್ದ ಜಗಲಿ, ಹಿಂದೆ ಬಾವಿ. ಮನೆಯ ಯಜಮಾನರು ಯಾವುದೋ ಕಚೇರಿಯಿಂದ ನಿವೃತ್ತರಾದವರು, ಎದುರಿನ ದೊಡ್ಡ ಮನೆಯಲ್ಲಿ ಇರುತ್ತಿದ್ದರು. ಬಾವಿಯ ಹಗ್ಗ ಒದ್ದೆಯಾಗಿದ್ದರೂ ಅವರಿಗೆ ಸಿಟ್ಟು, ಒಣಗಿದ್ದರೂ ಸಿಟ್ಟು.

ನನ್ನ ಪಕ್ಕದ ಕೋಣೆಯಲ್ಲಿ ಒಬ್ಬಳು ಟಿಬೆಟಿಯನ್ ಹುಡುಗಿ ಇದ್ದಳು. ಮುಂಡಗೋಡಿನ ನಿರಾಶ್ರಿತರ ಕ್ಯಾಂಪಿನವಳು, ಮಣಿಪಾಲದಲ್ಲಿ ಲ್ಯಾಬ್ ಕೆಲಸದ ತರಬೇತಿಗೆ ಬಂದಿದ್ದಳು. ಅವಳ ಕನ್ನಡ ಹುಬ್ಬಳ್ಳಿ ಕಡೆಯದು. ‘ಹೌದ್ರಿ’, ‘ಬರ್ತೀನ್ರಿ’ ಎಂದು ಅವಳು ಅಂಗಡಿಯಲ್ಲಿ ಮಾತಾಡಿದರೆ ನಮ್ಮ ಕಡೆಯವರು ಅವಳ ಮುಖವನ್ನೊಮ್ಮೆ, ಬಾಯಿಯನ್ನೊಮ್ಮೆ ನೋಡುತ್ತಿದ್ದರು. ನನಗೆ ಅವಳು ಹಿಡಿಸಿದಳು. ಒಂದೇ ಸೀಮೆಎಣ್ಣೆ ಸ್ಟವ್ ಇಬ್ಬರಿಗೂ ಆಯಿತು.

ದೀಪಾವಳಿ ಕಳೆದ ಮೇಲೆ ಅವಳ ತಂದೆ ಬಂದರು, ಕಣ್ಣಿನ ಪೊರೆ ತೆಗೆಸಿಕೊಳ್ಳಲು. ಎತ್ತರದ, ಅಗಲ ಮುಖದ ಮುದುಕ. ಎಪ್ಪತ್ತರ ಆಸುಪಾಸು ಇರಬೇಕು. ಅವರು ಟಿಬೆಟಿನವರಲ್ಲ, ಮಂಗೋಲಿಯಾದವರು ಎಂದು ಮಗಳು ಹೇಳಿದಾಗಲೇ ನನಗೆ ಗೊತ್ತಾದದ್ದು. ಎಳೆಯ ಪ್ರಾಯದಲ್ಲಿ ಸನ್ಯಾಸಿಯಾಗಿ ಓದಲೆಂದು ಒಂಟೆಗಳ ಜೊತೆ ಲ್ಹಾಸಾಕ್ಕೆ ನಡೆದಿದ್ದರಂತೆ. ಓದು ಮುಗಿಯುವ ಮೊದಲೇ ಊರಿಗೆ ಮರಳುವ ದಾರಿ ಮುಚ್ಚಿತು. ಮುಂದೆ ಚೀನಾದ ಸೈನ್ಯ ಬಂದ ಮೇಲೆ ಲ್ಹಾಸಾವನ್ನೂ ಬಿಟ್ಟು ಓಡಬೇಕಾಯಿತು. ಹಿಮಾಲಯದ ಬುಡದಲ್ಲಿ ರಸ್ತೆ ಕೆಲಸಕ್ಕೆ ಕಲ್ಲು ಒಡೆದು, ಕಾವಿ ಬಿಟ್ಟು, ಟಿಬೆಟಿಯನ್ ಹೆಂಗಸನ್ನು ಮದುವೆಯಾಗಿ, ಕೊನೆಗೆ ಮುಂಡಗೋಡಿನಲ್ಲಿ ಕಂಬಳಿ ನೇಯುತ್ತಾ ನೆಲೆ ನಿಂತವರು. ಮಗಳಿಗೆ ಬರುತ್ತಿದ್ದದ್ದು ತಾಯಿಯ ಭಾಷೆ ಮಾತ್ರ.

‘ಅಪ್ಪನ ಮಾತು ನನಗ ಬರಲ್ರಿ,’ ಎಂದಳು. ‘ಕ್ಯಾಂಪಿನ್ಯಾಗ ಆ ಮಾತು ಆಡೋ ಮುದುಕ್ರು ಇಬ್ರೋ ಮೂವರೋ ಇದ್ರು. ಈಗ ಯಾರೂ ಇಲ್ಲ.’

ಆಪರೇಷನ್ ಆಗಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿ ಅವರನ್ನು ಆಸ್ಪತ್ರೆಯಿಂದ ಕಳಿಸಿದರು. ಮಗಳು ಬೆಳಗ್ಗೆ ಹೋದರೆ ಸಂಜೆಗೆ ಬರುವುದು. ನಾನು ಶಾಲೆ ಬಿಟ್ಟು ಬರುವಾಗ ಅಜ್ಜ ಜಗಲಿಯ ಕಂಬಕ್ಕೆ ಒರಗಿ ಒಬ್ಬರೇ ಕೂತಿರುತ್ತಿದ್ದರು. ರಸ್ತೆ ಕೆಲಸದಲ್ಲಿ ಕಲಿತ ಮುರುಕು ಹಿಂದಿ ಅವರಿಗೆ, ಪರೀಕ್ಷೆಗೆ ಕಲಿತ ಹಿಂದಿ ನನಗೆ. ಎರಡೂ ಎಲ್ಲೋ ನಡುವೆ ಸೇರುತ್ತಿದ್ದವು.

ಒಂದು ದಿನ ಚಾ ಮಾಡಿ ಲೋಟವನ್ನು ಅವರ ಕೈಗೆ ಕೊಟ್ಟೆ. ‘ಬಿ ತ್ಸೈ ಊನ’ ಎಂದರು. ನಾನು ಚಾ ಕುಡಿಯುತ್ತೇನೆ. ಹಾಗೆಂದರೇನು ಎಂದು ಕೇಳಿದ್ದೇ ಅವರು ನೆಟ್ಟಗೆ ಕೂತರು. ಎಷ್ಟು ಕಾಲದಿಂದ ಯಾರೂ ಕೇಳಿರಲಿಲ್ಲವೋ! ‘ಬಿ’ ಎಂದರೆ ನಾನು, ‘ತಾ’ ಎಂದರೆ ನೀವು, ‘ತೆರ್’ ಎಂದರೆ ಅವನು, ಅವಳು, ಅದು. ಬಿ ಊನ, ತಾ ಊನ, ತೆರ್ ಊನ. ಬಿ ಯಾವ್ನ, ತಾ ಯಾವ್ನ, ತೆರ್ ಯಾವ್ನ. ನಾನು ಹೋಗುತ್ತೇನೆ, ನೀವು ಹೋಗುತ್ತೀರಿ, ಅವಳು ಹೋಗುತ್ತಾಳೆ, ಎಲ್ಲದಕ್ಕೂ ‘ಯಾವ್ನ’. ನಾಳೆ ಹೋಗುವುದಿದ್ದರೂ ಅದೇ.

ನಾನು ಕನ್ನಡ ಕಲಿಸುವವಳು. ಮಕ್ಕಳಿಗೆ ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತಾರೆ, ಹೋಗುತ್ತದೆ ಎಂದು ಬಾಯಿಪಾಠ ಮಾಡಿಸಿ ಗಂಟಲು ಸೋತವಳು. ತುಳು ಮನೆಯ ಮಕ್ಕಳಿಗೂ ಬ್ಯಾರಿ ಮನೆಯ ಮಕ್ಕಳಿಗೂ ಕನ್ನಡ ಶಾಲೆಯ ಭಾಷೆ, ಮನೆಯದಲ್ಲ. ಅವರು ತಪ್ಪುವುದೂ ಈ ಕ್ರಿಯಾಪದದ ತುದಿಯಲ್ಲಿಯೇ. ಅಜ್ಜನಿಗೂ ಅದನ್ನೇ ಹೇಳಿಕೊಟ್ಟೆ. ಅವರಿಗೆ ನಿಜವಾಗಿಯೂ ಸಿಟ್ಟು ಬಂತು.

‘ಒಂದು ಹೋಗುವುದಕ್ಕೆ ಇಷ್ಟು ಬಾಲ ಯಾಕೆ?’ ಎಂದರು ಹಿಂದಿಯಲ್ಲಿ. ‘ಹೋಗುವುದು ಒಂದೇ ಅಲ್ಲವಾ?’

‘ಯಾರು ಹೋಗುವುದು, ದೊಡ್ಡವರೋ ಸಣ್ಣವರೋ ಗೊತ್ತಾಗಬೇಡವಾ ಅಜ್ಜ?’

‘ಅದು ನೋಡಿದರೆ ಗೊತ್ತಾಗ್ತದೆ. ಬಾಯಲ್ಲಿ ಯಾಕೆ?’

ಮರ್ಯಾದೆ ಅವರ ಭಾಷೆಯಲ್ಲೂ ಇಲ್ಲದಿಲ್ಲ. ಹಿರಿಯರಿಗೆ ‘ತಾ’, ಸರೀಕರಿಗೆ, ಸಣ್ಣವರಿಗೆ ‘ಚಿ’. ಒಮ್ಮೆ ನಾನು ತಪ್ಪಿ ‘ಚಿ’ ಎಂದಾಗ ಅವರು ಮುಖ ತಿರುಗಿಸಿ ಆ ಸಂಜೆಯ ಪಾಠವನ್ನೇ ನಿಲ್ಲಿಸಿದರು. ಆದರೆ ಕ್ರಿಯಾಪದದ ತುದಿಯಲ್ಲಿ ಯಾರ ಜಾತಕವನ್ನೂ ಅವರು ಬರೆಯುತ್ತಿರಲಿಲ್ಲ.

ಅದರ ಬದಲು ಅವರಿಗೆ ಬೇರೆಯೇ ಒಂದು ಕಟ್ಟುನಿಟ್ಟು ಇತ್ತು. ಈಗ ನಡೆಯುತ್ತಿರುವುದು ಬೇರೆ, ಯಾವಾಗಲೂ ನಡೆಯುವುದು ಬೇರೆ. ‘ಸೂಜ್ ಬೈನ’ ಎಂದರೆ ಈಗ ಕೂತಿದ್ದೇನೆ, ಸದ್ಯಕ್ಕೆ ಇದ್ದೇನೆ. ‘ಸೂದಗ್’ ಎಂದರೆ ಅಲ್ಲೇ ಇರುವವನು, ಅಲ್ಲಿಯ ವಾಸಿ. ಇದನ್ನು ಕಲಿಸಲು ಅವರು ಏನು ಸಿಕ್ಕಿದರೂ ಬಳಸುತ್ತಿದ್ದರು. ನಾಯಿ ಬೊಗಳಿದರೆ ‘ಬೈನ? ದಗ್?’ ಎಂದು ನನ್ನನ್ನು ಕೇಳುವುದು. ಈಗ ಬೊಗಳುತ್ತಿದೆಯೋ, ಬೊಗಳುವುದೇ ಅದರ ಸ್ವಭಾವವೋ ಎಂದು ನಾನು ಹೇಳಬೇಕು. ಒಂದು ಸಂಜೆ ಯಜಮಾನರು ಬಾವಿಯ ಹತ್ತಿರ ಯಾರಿಗೋ ಬೈಯುತ್ತಿದ್ದರು. ಅಜ್ಜ ತಲೆ ವಾಲಿಸಿ ಕೇಳಿ, ಮೆಲ್ಲಗೆ, ‘ಬೈನ? ದಗ್?’ ಎಂದರು.

‘ದಗ್, ದಗ್!’ ಎಂದು ನಾನು ನಕ್ಕೆ. ಅವರೂ ಕೈಯಿಂದ ಮಂಡಿಗೆ ಹೊಡೆದುಕೊಂಡು ನಕ್ಕರು.

ಯಜಮಾನರು ಅದನ್ನು ಕಂಡರು. ಮರುದಿನ ಬೆಳಗ್ಗೆ ನಾನು ಶಾಲೆಗೆ ಹೊರಟಾಗ ಗೇಟಿನಲ್ಲಿ ನಿಂತಿದ್ದರು.

‘ಎಂತ ಟೀಚರ್, ಅದು ಎಂತ ಭಾಷೆ? ಚೀನಾದ್ದಾ?’

‘ಅಲ್ಲ, ಮಂಗೋಲಿಯಾದ್ದು.’

‘ಎರಡೂ ಒಂದೇ ಅಲ್ವಾ? ಮೂಗು ನೋಡಿದ್ರೆ ಗೊತ್ತಾಗ್ತದಲ್ಲ. ಅವ ಇಲ್ಲಿ ಎಷ್ಟು ದಿವಸ ಇರ್ತಾನೆ?’

‘ಕಣ್ಣು ಗುಣ ಆಗುವವರೆಗೆ ಇರ್ತಾರೆ,’ ಎಂದೆ. ‘ರ್ತಾರೆ’ಯನ್ನು ಒತ್ತಿ ಹೇಳಿದೆ. ಕೇಳಿಸಿಕೊಳ್ಳುವ ಕಿವಿ ಅದಾಗಿರಲಿಲ್ಲ.

ಕಣ್ಣು ಹೇಳಿದ ಸಮಯಕ್ಕೆ ಗುಣವಾಗಲಿಲ್ಲ. ಕೆಂಪಾಗಿ ನೀರು ಸುರಿಯತೊಡಗಿತು. ಡಾಕ್ಟರು ಮದ್ದು ಬದಲಿಸಿ, ವಾರ ವಾರವೂ ತೋರಿಸಬೇಕು, ದೂರದ ಬಸ್ ಪ್ರಯಾಣ ಸದ್ಯಕ್ಕೆ ಬೇಡ ಎಂದರು. ನಿರಾಶ್ರಿತರಿಗೆ ಒಂದು ನಿಯಮ ಇತ್ತು: ಕ್ಯಾಂಪ್ ಬಿಟ್ಟು ಬೇರೆ ಊರಿನಲ್ಲಿ ಹೆಚ್ಚು ಕಾಲ ಉಳಿದರೆ ಅಲ್ಲಿಯ ಠಾಣೆಗೆ ತಿಳಿಸಬೇಕು. ಬಂದ ಹೊಸತರಲ್ಲಿ ಮಗಳು ಹೋಗಿ ತಿಳಿಸಿ ಬಂದಿದ್ದಳು. ಉಳಿಯುವುದು ಮುಂದೆ ಹೋದಾಗ ಪರೀಕ್ಷೆಯ ಗಡಿಬಿಡಿಯಲ್ಲಿ ಎರಡನೇ ಸಲ ಹೋಗಿರಲಿಲ್ಲ. ಅಷ್ಟೇ ಆದದ್ದು.

ಒಂದು ಬೆಳಗ್ಗೆ ಪೊಲೀಸಿನವನೊಬ್ಬ ಜಗಲಿಗೆ ಬಂದ. ‘ಇಲ್ಲೊಬ್ಬ ಚೀನಾದವ ಉಂಟಂತೆ, ಸ್ಟೇಷನ್ನಿಗೆ ಬರಬೇಕಂತೆ.’ ಯಾರು ಹೇಳಿದರು ಎಂದು ನಾನು ಕೇಳಬೇಕಾಗಿರಲಿಲ್ಲ. ಯಜಮಾನರು ಎದುರು ಮನೆಯ ಕಿಟಕಿಯಲ್ಲಿ ನಿಂತು ಎತ್ತಲೋ ನೋಡುತ್ತಿದ್ದರು. ಮಗಳಿಗೆ ಅಂದೇ ಪರೀಕ್ಷೆ. ‘ನೀನು ಹೋಗು, ನಾನು ಕರ್ಕೊಂಡು ಹೋಗ್ತೇನೆ’ ಎಂದು ಅವಳನ್ನು ಕಳಿಸಿ, ಶಾಲೆಗೆ ರಜೆ ಹೇಳಿ ಕಳಿಸಿ, ಅಜ್ಜನ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಸಿ ಬಸ್ಸು ಹತ್ತಿದೆ.

ಯಾವ ಠಾಣೆ ಎಂದು ಹೇಳುವುದಿಲ್ಲ. ಆಗ ಎಲ್ಲಿಗೆ ಹೋಗಿದ್ದರೂ ಅದೇ ಆಗುತ್ತಿತ್ತು ಎಂದು ಈಗ ಅನಿಸುತ್ತದೆ. ಮೇಜಿನ ಹಿಂದೆ ರೈಟರ್ ಕೂತಿದ್ದರು. ಠಾಣೆಯ ಬರವಣಿಗೆ ಎಲ್ಲ ಅವರದೇ. ಅಜ್ಜನಿಗೆ ಕೂರಲು ಹೇಳಲಿಲ್ಲ. ನಾನೇ ಒಂದು ಸ್ಟೂಲು ಎಳೆದು ಕೂರಿಸಿದೆ.

‘ಎಲ್ಲಿರುವುದು ಇವ?’

ಅಜ್ಜನಿಗೆ ಕೇಳಿದೆ. ಜಗಲಿಯಲ್ಲಿ ಅಷ್ಟು ಮಾತಾಡುತ್ತಿದ್ದವರ ಬಾಯಿಂದ ಖಾಕಿಯನ್ನು ಕಂಡದ್ದೇ ಹಿಂದಿ ಮಾಯವಾಗಿತ್ತು. ಗಡಿ ದಾಟಿ ಬಂದವರು, ಅವರು ಎಂತೆಂಥ ಖಾಕಿ ಕಂಡಿದ್ದರೋ. ಎರಡು ಕೈಗಳನ್ನೂ ಮಂಡಿಯ ಮೇಲೆ ಇಟ್ಟುಕೊಂಡು, ತಮ್ಮ ಭಾಷೆಯಲ್ಲಿ, ಮುಂಡಗೋಡಿನಲ್ಲಿ ‘ಸೂದಗ್’, ಪರ್ಕಳದಲ್ಲಿ ‘ಸೂಜ್ ಬೈನ’ ಎಂದರು. ಮತ್ತೊಮ್ಮೆ ಹಾಗೆಯೇ ಹೇಳಿದರು.

‘ಮನೆ ಮುಂಡಗೋಡಿನಲ್ಲಿ. ಪರ್ಕಳದಲ್ಲಿ ಸದ್ಯಕ್ಕೆ ಇದ್ದಾರೆ, ಕಣ್ಣಿನ ಚಿಕಿತ್ಸೆಗೆ,’ ಎಂದೆ ನಾನು. ಆಸ್ಪತ್ರೆಯ ಚೀಟಿಯನ್ನೂ ಮುಂದಿಟ್ಟೆ.

ರೈಟರ್ ಚೀಟಿಯನ್ನು ನನ್ನ ಕಡೆಗೇ ಸರಿಸಿ ಬರೆಯತೊಡಗಿದರು. ನಾನು ಟೀಚರು, ತಲೆಕೆಳಗಾದ ಅಕ್ಷರ ಓದುವುದು ನನಗೆ ರೂಢಿ. ‘ಸದರಿ ವಿದೇಶೀಯನು ಪರ್ಕಳದಲ್ಲಿ ವಾಸಿಸುತ್ತಾನೆ’ ಎಂದು ಬರೆದಿದ್ದರು.

‘ವಾಸಿಸುತ್ತಾನೆ ಅಂತ ನಾನು ಹೇಳಲೇ ಇಲ್ಲ ಸಾರ್. ಇದ್ದಾರೆ ಅಂತ ಹೇಳಿದ್ದು.’

‘ಎಂತ ವ್ಯತ್ಯಾಸ? ಇದ್ದಾನೆ ಅಂದ್ರೂ ವಾಸಿಸ್ತಾನೆ ಅಂದ್ರೂ ಒಂದೇ ಅಲ್ವಾ?’

‘ನೀವು ಈಗ ಈ ಕುರ್ಚಿಯಲ್ಲಿ ಇದ್ದೀರಿ. ಕುರ್ಚಿಯಲ್ಲಿ ವಾಸಿಸ್ತೀರಾ?’

ಪಕ್ಕದಲ್ಲಿದ್ದ ಪೊಲೀಸಿನವನು ಮುಖ ಆಚೆ ಮಾಡಿದ. ರೈಟರ್ ಪೆನ್ನು ಕೆಳಗಿಟ್ಟರು.

‘ಟೀಚರ್, ವ್ಯಾಕರಣ ಶಾಲೆಯಲ್ಲಿ ಹೇಳಿಕೊಡಿ. ಇದು ಸ್ಟೇಷನ್.’

‘ಸ್ಟೇಷನ್ ಅಂತಲೇ ಹೇಳುವುದು. ವಾಸಿಸ್ತಾನೆ ಅಂತ ಬರೆದರೆ ಕ್ಯಾಂಪ್ ಬಿಟ್ಟು ಕದ್ದು ಬಂದು ಇಲ್ಲಿ ಮನೆ ಮಾಡಿದ ಹಾಗೆ ಆಗ್ತದೆ. ಅವರು ಹೇಳಿದ್ದು ಅದಲ್ಲ. ಮತ್ತೆ, ಅವರಿಗೆ ನಿಮ್ಮ ತಂದೆಯ ಪ್ರಾಯ. ವಾಸಿಸುತ್ತಾನೆ, ಹೇಳುತ್ತಾನೆ ಅಂತೆಲ್ಲ ಯಾಕೆ?’

‘ಆರೋಪಿಗೆ ಬಹುವಚನ ಹಾಕುವ ಕ್ರಮ ಇಲ್ಲ.’

‘ಆರೋಪಿ ಯಾರು?’

‘ಆಗ್ತಾನೆ ಈಗ,’ ಎಂದರು ರೈಟರ್.

ಅನುವಾದ ಮಾಡಿದವಳು ಎಂದು ನನ್ನ ಸಹಿ ಬೇಕಿತ್ತು. ನಾನು ಹಾಕುವುದಿಲ್ಲ ಎಂದೆ. ನನ್ನ ಬಾಯಿಂದ ಬಾರದ ಮಾತಿಗೆ ನಾನು ಯಾಕೆ ಸಹಿ ಹಾಕಲಿ? ‘ಹಾಗಾದ್ರೆ ಸಾಹೇಬರು ಬರುವವರೆಗೆ ಕೂತಿರಿ’ ಎಂದರು. ಬೆಂಚಿನ ಮೇಲೆ ಕೂತೆವು. ಮಧ್ಯಾಹ್ನ ದಾಟಿತು. ಕಣ್ಣಿಗೆ ಮದ್ದು ಬಿಡುವ ಹೊತ್ತಾದಾಗ ನನ್ನ ಚೀಲದಿಂದ ಬಾಟಲಿ ತೆಗೆದು ಅಲ್ಲೇ ಬಿಟ್ಟೆ. ಬಂದು ಹೋಗುವವರೆಲ್ಲ ನಿಂತು ನೋಡಿದರು. ಯಾರೋ ಒಬ್ಬರು ಇನ್ನೊಬ್ಬರಿಗೆ, ‘ಅದು ಚೀನಾದ್ದು, ಸಿಕ್ಕಿಬಿದ್ದದ್ದು’ ಎಂದು ವಿವರಿಸಿದರು. ಅದು! ಅಜ್ಜನಿಗೆ ಕನ್ನಡ ಬರುತ್ತಿರಲಿಲ್ಲ ಎಂಬುದೇ ಆ ದಿನದ ಒಂದೇ ಪುಣ್ಯ.

ಸಂಜೆಗೆ ಸಬ್‌ ಇನ್ಸ್‌ಪೆಕ್ಟರು ಬಂದರು. ಸಣ್ಣ ಪ್ರಾಯದವರು, ಒಳ್ಳೆಯ ಮಾತಿನವರು. ನಮ್ಮನ್ನು ಒಳಗೆ ಕರೆದು ಕೂರಿಸಿದರು, ಚಾ ತರಿಸಿದರು. ರೈಟರ್ ಬರೆದ ಕಾಗದ ಓದಿ, ನಕ್ಕು, ಹರಿದು ಹಾಕಿದರು. ನನಗೆ ಉಸಿರು ಬಂತು.

‘ಕೇಸೂ ಬೇಡ, ಬರೆಯುವುದೂ ಬೇಡ ಟೀಚರ್. ನಾಳೆ ಬೆಳಗ್ಗೆ ಅವರನ್ನು ಬಸ್ಸಿಗೆ ಹತ್ತಿಸಿಬಿಡಿ.’

‘ಡಾಕ್ಟ್ರು ಪ್ರಯಾಣ ಬೇಡ ಅಂದಿದ್ದಾರೆ ಸಾರ್. ಮುಂದಿನ ವಾರ ಪುನಃ ತೋರಿಸ್ಲಿಕ್ಕೆ ಉಂಟು.’

‘ಕಣ್ಣು ಅಲ್ಲಿಯೂ ತೋರಿಸಬಹುದಲ್ವಾ? ಮತ್ತೆ ಬೇಕಾದ್ರೆ ಅಲ್ಲಿಯ ಠಾಣೆಯಿಂದ ಕಾಗದ ತಕ್ಕೊಂಡು ಬರಲಿ.’ ಮತ್ತೆ ಸ್ವರ ತಗ್ಗಿಸಿ, ‘ನೀವು ಒಳ್ಳೆಯ ಮನೆಯವರ ಹಾಗೆ ಕಾಣ್ತೀರಿ. ನಿಮಗೆ ಯಾಕೆ ಇದೆಲ್ಲ?’ ಎಂದರು.

ರೈಟರಿನ ಒರಟುತನದ ಎದುರು ನಾನು ಜಗಳ ಮಾಡಿದ್ದೆ. ಈ ಸಭ್ಯತೆಯ ಎದುರು ‘ಆಯ್ತು ಸಾರ್’ ಎಂದುಬಿಟ್ಟೆ. ಚಾದ ಲೋಟ ಕೈಯಲ್ಲಿತ್ತು. ಬಿಸಿ ಚಾ ಕೊಟ್ಟು ಒಬ್ಬ ಮುದುಕನ ಕಣ್ಣು ತೆಗೆಯಬಹುದು ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಮರುದಿನ ಉಡುಪಿಯ ಬಸ್‌ಸ್ಟ್ಯಾಂಡಿಗೆ ಮಗಳೂ ನಾನೂ ಅವರನ್ನು ಕರೆದುಕೊಂಡು ಹೋದೆವು. ಶಿರಸಿ ಕಡೆಯ ಬಸ್ಸು ಬಂದು ನಿಂತಿತು. ಅಜ್ಜ ಬೆಂಚಿನಿಂದ ಏಳಲಿಲ್ಲ. ‘ಬಿ ಯಾವಹ್‌ಗುಯ್’ ಎಂದರು. ನಾನು ಹೋಗುವುದಿಲ್ಲ. ಮಗಳಿಗೆ ಆ ಮಾತು ತಿಳಿಯಲಿಲ್ಲ, ನನ್ನ ಮುಖ ನೋಡಿದಳು. ನಾನು ಅನುವಾದ ಮಾಡಿದೆ. ಅವಳು ಅವರ ಕಾಲಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಟಿಬೆಟಿಯನ್ನಿನಲ್ಲಿ ಬೇಡಿಕೊಂಡಳು, ಅತ್ತಳು. ಕಂಡಕ್ಟರ್ ಸೀಟಿ ಊದಿದ. ಅಜ್ಜ ಎದ್ದರು. ಹತ್ತುವಾಗ ನನ್ನ ಕಡೆ ನೋಡಲಿಲ್ಲ. ನನ್ನ ಮೇಲೂ ಸಿಟ್ಟಿತ್ತೋ ಏನೋ. ಇದ್ದರೆ ತಪ್ಪಿಲ್ಲ, ಠಾಣೆಗೆ ಕರೆದುಕೊಂಡು ಹೋದವಳು ನಾನೇ, ಬಸ್ಸಿಗೆ ತಂದವಳೂ ನಾನೇ. ಮಗಳು ಪರೀಕ್ಷೆ ಅರ್ಧಕ್ಕೆ ಬಿಟ್ಟು ಅವರ ಜೊತೆಗೇ ಹೋದಳು.

ನಾನು ಪರ್ಕಳಕ್ಕೆ ಮರಳಿ ಬಂದು ನೇರವಾಗಿ ಎದುರು ಮನೆಯ ಮೆಟ್ಟಿಲು ಹತ್ತಿದೆ. ಯಜಮಾನರು ಆರಾಮಕುರ್ಚಿಯಲ್ಲಿದ್ದರು.

‘ಕಳಿಸಿ ಬಂದೆ. ಸಮಾಧಾನ ಆಯ್ತಾ?’

‘ನಾನು ಎಂತ ಮಾಡಿದ್ದು? ಕಾನೂನು ಹೇಳಿದ್ದು ಮಾತ್ರ.’

‘ಕಾನೂನು ಅಲ್ಲ, ನೀವು ಹೇಳಿದ್ದು ಸುಳ್ಳು. ಚೀನಾದವ ಅಂತ ಹೇಳಿದ್ದು. ಮಂಗೋಲಿಯಾ ಅಂತ ನಾನು ನಿಮಗೆ ಹೇಳಿದ್ದೆ.’

‘ಹೆಂಗಸರು ಇಷ್ಟು ದೊಡ್ಡ ಸ್ವರದಲ್ಲಿ ಮಾತಾಡುವ ಮನೆ ಅಲ್ಲ ಇದು. ತಿಂಗಳಾಖೇರಿಗೆ ಕೋಣೆ ಬಿಡಿ,’ ಎಂದರು.

‘ಇವತ್ತೇ ಬಿಡ್ತೇನೆ,’ ಎಂದೆ. ಟ್ರಂಕು, ಚಾಪೆ, ಸ್ಟವ್ ರಿಕ್ಷಾಕ್ಕೆ ಹಾಕಿ ಅಂದೇ ಕಾಪುವಿಗೆ ಬಂದೆ. ಆಮೇಲೆ ದಿನಾ ಎರಡು ಬಸ್ಸು ಬದಲಿಸಿ ಶಾಲೆಗೆ ಹೋದೆ. ಅದರ ಬಗ್ಗೆ ನನಗೆ ಎಂದೂ ಬೇಸರವಾಗಲಿಲ್ಲ.

ಬೇಸರವಾದದ್ದು ಬೇರೆ. ಕಾರ್ಕಳದ ಕುಕ್ಕುಂದೂರಿನಲ್ಲಿ ನನಗೊಂದು ಸಂಬಂಧ ಬಹುಮಟ್ಟಿಗೆ ನಿಶ್ಚಯವಾಗಿತ್ತು. ಹುಡುಗನನ್ನು ನಾನು ನೋಡಿದ್ದೆ, ಬೇಡ ಎನ್ನುವಂಥದ್ದು ಏನೂ ಇರಲಿಲ್ಲ. ಕಾಪುವಿಗೆ ಬಂದ ಸ್ವಲ್ಪ ದಿನಕ್ಕೆ ಅವರ ಕಡೆಯಿಂದ ಒಬ್ಬರು ಅತ್ತೆ ಬಂದರು. ಜಗಲಿಯಲ್ಲಿ ಕೂತು, ನಾನು ಒಳಗಿರುವುದು ಗೊತ್ತಿದ್ದೂ, ಅಮ್ಮನಿಗೆ ಹೇಳಿದರು:

‘ನಿಮ್ಮ ಹುಡುಗಿ ಪೊಲೀಸ್ ಸ್ಟೇಷನ್ನಿಗೆಲ್ಲ ಹೋಗ್ತದಂತಲ್ಲ? ಯಾರೋ ಹೊರದೇಶದ ಗಂಡಸಿನ ಒಟ್ಟಿಗೆ ಜಗಲಿಯಲ್ಲಿ ಕೂತು ನಗಾಡ್ತದಂತೆ?’

ನಾನು ಹೊರಗೆ ಬಂದೆ. ‘ಹೋಗ್ತದಂತೆ ಅಲ್ಲ ಅತ್ತೆ. ಒಂದೇ ಒಂದು ದಿನ ಹೋಗಿದ್ದೆ, ಒಬ್ಬರು ಮುದುಕರಿಗೆ ಕಣ್ಣು ಕಾಣ್ತಿರಲಿಲ್ಲ ಅಂತ.’

‘ನೋಡಿ, ಎದುರು ಮಾತಾಡ್ತದೆ ಕೂಡ,’ ಎಂದರು ಅವರು, ನನಗಲ್ಲ, ಅಮ್ಮನಿಗೆ.

ನಮ್ಮ ಕಡೆ ಹುಡುಗಿಯರನ್ನು ‘ಅದು’ ಎನ್ನುವುದು ಹೊಸತಲ್ಲ. ಪ್ರೀತಿಯಿಂದಲೂ ಹೇಳುತ್ತಾರೆ, ಅಮ್ಮನೂ ಹೇಳುತ್ತಿದ್ದಳು, ನಾನು ಅದನ್ನು ಕೇಳುತ್ತಲೇ ಬೆಳೆದವಳು. ಆದರೆ ಅಂದು ಆ ಜಗಲಿಯಲ್ಲಿ ನಿಂತಾಗ, ಠಾಣೆಯ ಬೆಂಚಿನ ಎದುರು ನಿಂತು ‘ಅದು ಚೀನಾದ್ದು’ ಎಂದವನ ಮುಖ ನನಗೆ ಕಂಡಿತು. ಒಂದು ದಿನದ ಹೋಗುವಿಕೆಯನ್ನು ಜನ್ಮದ ಚಾಳಿ ಮಾಡಿ ಹೇಳಲು ಇವರಿಗೂ ರೈಟರಿಗೂ ಎಷ್ಟು ಸುಲಭ! ‘ನಿಮ್ಮ ಹುಡುಗನಿಗೆ ಬೇರೆ ಕಡೆ ನೋಡಿ,’ ಎಂದೆ. ಅಮ್ಮ ತಲೆಗೆ ಕೈ ಹೊತ್ತು ಕೂತಳು. ಆ ವರ್ಷವಿಡೀ ಅವಳು, ‘ಎಂತಕ್ಕೆ ಬೇಕಿತ್ತು ನಿನಗೆ ಆ ಭಾಷೆ?’ ಎಂದು ಕೇಳುತ್ತಲೇ ಇದ್ದಳು.  ಮದುವೆ ಮುಂದೆ ಆಯಿತು, ಬೇರೆಯವರ ಜೊತೆ. ಅದು ಬೇರೆ ಕಥೆ.

ಆ ಟಿಬೆಟಿಯನ್ ಹುಡುಗಿ ಮರುವರ್ಷ ಪರೀಕ್ಷೆ ಮುಗಿಸಿದಳು. ಕೆಲವು ವರ್ಷಗಳ ನಂತರ, ನನಗೆ ಮಗಳು ಹುಟ್ಟಿದ್ದಳು ಆಗ, ಒಂದು ಭಾನುವಾರ ವಿಳಾಸ ಕೇಳಿಕೊಂಡು ಕಾಪುವಿನ ಮನೆಗೆ ಬಂದಳು. ಮಂಗಳೂರಿನ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಊಟಕ್ಕೆ ಬಂಗುಡೆ ಮೀನಿನ ಗಸಿ ಮಾಡಿದ್ದೆ. ತಿನ್ನುತ್ತಾ, ತಂದೆಯ ವಿಚಾರ ನಾನು ಕೇಳುವ ಮೊದಲೇ ಹೇಳಿದಳು. ಆ ಬಸ್ ಪ್ರಯಾಣದಲ್ಲಿ ಕಣ್ಣು ಇನ್ನಷ್ಟು ಊದಿಕೊಂಡಿತ್ತಂತೆ. ಹುಬ್ಬಳ್ಳಿಯಲ್ಲಿ ತೋರಿಸಿದರೂ ನೋಟ ಬರಲಿಲ್ಲ. ಇನ್ನೊಂದು ಕಣ್ಣಿಗೆ ಆಪರೇಷನ್ ಮಾಡಿಸಲು ಅವರು ಒಪ್ಪಲೇ ಇಲ್ಲ. ಕಳೆದ ಚಳಿಗಾಲದಲ್ಲಿ ತೀರಿಕೊಂಡರು.

‘ಕಡೀಕ ಟಿಬೆಟಿಯನ್ನೂ ಮರ್ತಿದ್ರು, ಹಿಂದೀನೂ ಮರ್ತಿದ್ರು,’ ಎಂದಳು. ‘ಬರೇ ಅವರ ಮಾತು. ಭಾಳ ಮಾತಾಡಿದ್ರು ಅಕ್ಕಾ. ನಮಗ ಒಂದೂ ತಿಳೀಲಿಲ್ಲ. ನಿಮ್ಮ ನೆನಪಾತು.’

ಅವರು ಹೇಳಿದ್ದು ಏನಾದರೂ ನೆನಪಿದೆಯೇ ಎಂದು ಕೇಳಿದೆ. ಅವಳು ಕಣ್ಣು ಮುಚ್ಚಿ, ನೆನಪಿದ್ದಷ್ಟು ಸದ್ದುಗಳನ್ನು ಒಂದೊಂದಾಗಿ ಹೇಳಿದಳು. ನಾನು ಬಗ್ಗಿ ಕೇಳಿದೆ. ‘ಯಾವ್ನ’ ಇರಲಿಲ್ಲ, ‘ಬೈನ’ ಇರಲಿಲ್ಲ, ‘ದಗ್’ ಇರಲಿಲ್ಲ. ಹೆಚ್ಚಿನ ಮಾತುಗಳು ‘ಸನ್’, ‘ಸನ್’ ಎಂದು ಮುಗಿಯುತ್ತಿದ್ದವು. ಯಾವ್ಸನ್, ಸೂಸನ್. ನಾನು ಕಲಿಯದ ತುದಿ ಅದು. ಆಗಿಹೋದದ್ದನ್ನು ಹೇಳುವ ರೂಪ ಇರಬೇಕು. ಎಲ್ಲಿಗೆ ಹೋದದ್ದು, ಯಾರ ಜೊತೆ ಇದ್ದದ್ದು, ಅಷ್ಟೆಲ್ಲ ಕೊನೆಗಾದರೂ ಯಾರಿಗೋ ಹೇಳಿರಬೇಕು ಅವರು. ನಮ್ಮ ಪಾಠ ಅಲ್ಲಿಯವರೆಗೆ ಬಂದಿರಲಿಲ್ಲ. ಬರುವ ಮೊದಲೇ ಬಸ್ಸು ಹತ್ತಿಸಿದ್ದರು.

‘ಏನಂದ್ರು ಅಕ್ಕಾ?’ ಎಂದು ಅವಳು ಕೇಳಿದಳು.

ಗೊತ್ತಿಲ್ಲ ಎಂದೆ. ಅವಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿ, ಸೌಟನ್ನು ಪಾತ್ರೆಗೆ ಕುಕ್ಕಿದೆ.